ಹಳೆಯ ಅಂಬಾಸಿಡರ್‌ಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಅಳತೆಯಿಂದ ಮೊದಲ ಓಟದವರೆಗೆ

ಕಾರಿನ ಕೆಳಗೆ ಮಲಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಎತ್ತಿ ಕೂರಿಸುವುದು ಅರ್ಧ ದಿನದ ಕೆಲಸ. ಅದು ಸರಿಯಾಗಿ ಕೂರಬೇಕಾದರೆ ಮೊದಲು ಮುಗಿಸಬೇಕಾದ ಅಳತೆಗೆ ನಮಗೆ ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸ ಮಾಡಿಸಿಕೊಂಡು ಎರಡೇ ತಿಂಗಳಲ್ಲಿ ಎಣ್ಣೆ ಸೋರಿಸಿಕೊಂಡು ನಿಂತ ಕಾರುಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಗೇರ್‌ಬಾಕ್ಸಿನ ದೋಷದಿಂದಲ್ಲ, ಸೆಂಟರ್ ತಪ್ಪಿದ್ದರಿಂದ, ಅಂದರೆ ಎಂಜಿನ್ನಿನ ನಡುವಿಗೂ ಗೇರ್‌ಬಾಕ್ಸಿನ ನಡುವಿಗೂ ಹೊಂದಿಕೆಯಾಗದ್ದರಿಂದ.

ನಮ್ಮದು 1970ರ ಅಂಬಾಸಿಡರ್ ಮಾರ್ಕ್ 2. 1489 ಸಿಸಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್. ಅಪ್ಪನವರಿಗೆ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯುವುದು ಆಗದಾಯಿತು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಂಜೆ ಐದರ ಹೊತ್ತಿಗೆ ಕಾರು ಓಡಿಸಿದವರಿಗೆ ಗೊತ್ತು, ಒಂದು ಕಿಲೋಮೀಟರಿಗೆ ಎಷ್ಟು ಸಲ ಕ್ಲಚ್ ಒತ್ತಬೇಕೆಂದು. ಹೊಸ ಕಾರು ಕೊಳ್ಳೋಣ ಎಂದರೆ ಅವರು ಒಪ್ಪಲಿಲ್ಲ. ನನಗೂ ಆ ಕಾರನ್ನು ಶೆಡ್ಡಿನಲ್ಲಿ ಧೂಳು ತಿನ್ನಲು ಬಿಡುವ ಮನಸ್ಸಿರಲಿಲ್ಲ.

ಪಾನಾ ಹಿಡಿಯುವ ಮೊದಲು ಕಾಗದ

ಮೋಟಾರು ವಾಹನಗಳ ಕಾಯ್ದೆ, 1988ರ ಸೆಕ್ಷನ್ 52 ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರದಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂಬುದು ಅದರ ತಿರುಳು. ಆದರೆ ದೈಹಿಕ ತೊಂದರೆ ಇರುವವರ ಬಳಕೆಗೆಂದು ಬದಲಿಸಿದ ವಾಹನವನ್ನು ಅದೇ ಕಾಯ್ದೆ ಬೇರೆಯಾಗಿ ಗುರುತಿಸುತ್ತದೆ. ನಿಮ್ಮ ಕಾರಣವೂ ನಮ್ಮಂತೆ ಕಾಲು ನೋವಾಗಿದ್ದರೆ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಿ. ದಾವಣಗೆರೆಯ ಕೆಎ 17 ಆಗಲಿ, ಚಿತ್ರದುರ್ಗದ ಕೆಎ 16 ಆಗಲಿ, ಆರ್‌ಟಿಒ ಕಚೇರಿಗೆ ಕೆಲಸಕ್ಕೆ ಮುಂಚೆಯೇ ಹೋಗಿ ಮಾತನಾಡಿ, ಲಿಖಿತ ಒಪ್ಪಿಗೆ ಪಡೆಯಿರಿ. ವಿಮಾ ಕಂಪನಿಗೂ ಪತ್ರ ಬರೆಯಿರಿ. ಅಪಘಾತವಾದ ಮೇಲೆ ಈ ಬದಲಾವಣೆ ಅವರ ಕಣ್ಣಿಗೆ ಬಿದ್ದರೆ ಪರಿಹಾರಕ್ಕೆ ತಕರಾರು ಬರುತ್ತದೆ.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ಎಂದು ಬೇರೆ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ ಇರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಆದರೆ ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ದಿನನಿತ್ಯದ ಓಡಾಟಕ್ಕೂ ಅದು ಸಲ್ಲದು. ಗೇರ್‌ಬಾಕ್ಸಿಗೆ ಜಾಗ ಮಾಡಲು ನೀವು ನೆಲದ ತಗಡು ಕತ್ತರಿಸಿದ ದಿನ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಕಾರು ಪ್ರದರ್ಶನಕ್ಕೋ, ಅಪ್ಪ ಮಾರುಕಟ್ಟೆಗೆ ಹೋಗಿಬರುವುದಕ್ಕೋ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ನಾವು ಓಡಾಟವನ್ನು ಆರಿಸಿಕೊಂಡೆವು. ಆದರೂ ಒಂದು ಕಟ್ಟುಪಾಡು ಹಾಕಿಕೊಂಡೆವು: ಬೋಲ್ಟು ಬಿಚ್ಚಿ ಹಿಂದಿನಂತೆ ಮಾಡಲಾಗದ ಯಾವುದನ್ನೂ ಮಾಡುವುದಿಲ್ಲ. ಕತ್ತರಿ ಇಲ್ಲ, ಗ್ಯಾಸ್ ಕಟಿಂಗ್ ಇಲ್ಲ. ಕೆಲಸ ತಡವಾದದ್ದು ಇದರಿಂದಲೇ. ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಯಾವ ಕಾರಿಗೆ ಯಾವ ಗೇರ್‌ಬಾಕ್ಸ್

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ಕೇಳಿದರೆ ಬೇಡ ಎನ್ನುತ್ತೇನೆ. ಅದರ 1089 ಸಿಸಿ ಎಂಜಿನ್ ಕೊಡುವ ಅಲ್ಪ ಶಕ್ತಿಯಲ್ಲಿ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ತನ್ನ ಪಾಲು ತಿಂದರೆ ಏರಿನಲ್ಲಿ ಕಾರು ಉಸಿರು ಬಿಡುತ್ತದೆ. ತೊಂದರೆ ಕ್ಲಚ್ ಪೆಡಲಿನದು ಮಾತ್ರ ಎಂದಾದರೆ, ಮೂಲ ಗೇರ್‌ಬಾಕ್ಸನ್ನು ಹಾಗೆಯೇ ಬಿಟ್ಟು, ಎಂಜಿನ್ನಿನ ವ್ಯಾಕ್ಯೂಮ್‌ನಿಂದಲೋ ಮೋಟಾರಿನಿಂದಲೋ ಕ್ಲಚ್ ಒತ್ತುವ ಆಟೊ ಕ್ಲಚ್ ಕಿಟ್ ಹಾಕಿಸುವ ದಾರಿಯಿದೆ. ಅಂಗವಿಕಲರ ಕಾರುಗಳಿಗೆ ಅದನ್ನು ಹಾಕುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಪದ್ಮಿನಿಗೆ ಅದೇ ಸರಿ.

ಅಂಬಾಸಿಡರ್ ಮಾತು ಬೇರೆ. ಅದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಗೆ ಸೇರಿದ್ದು. ಅದೇ ವಂಶದ ದೊಡ್ಡ ಎಂಜಿನ್ನುಗಳಿದ್ದ ಮೋರಿಸ್ ಆಕ್ಸ್‌ಫರ್ಡ್ ಸರಣಿ 6, ಆಸ್ಟಿನ್ ಎ60 ಕೇಂಬ್ರಿಜ್ ಕಾರುಗಳಿಗೆ 1960ರ ದಶಕದಲ್ಲಿ ಬೋರ್ಗ್ ವಾರ್ನರ್ 35 ಎಂಬ ಮೂರು ಗೇರಿನ ಆಟೊಮ್ಯಾಟಿಕ್ ಅನ್ನು ಕಂಪನಿಯೇ ಕೊಡುತ್ತಿತ್ತು. 1967ರಿಂದ 1973ರವರೆಗೆ ಎಂಜಿಬಿ ಸ್ಪೋರ್ಟ್ಸ್ ಕಾರಿಗೂ ಅದು ಸಿಗುತ್ತಿತ್ತು. ಅಂದರೆ ನಮ್ಮ ಅಂಬಾಸಿಡರ್‌ನ ದಾಯಾದಿಗಳು ಈ ಗೇರ್‌ಬಾಕ್ಸಿನೊಂದಿಗೆ ಆಗಲೇ ಸಂಸಾರ ಮಾಡಿವೆ. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಣ್ಣೆಯ ಒತ್ತಡವೇ ಗೇರ್ ಬದಲಿಸುತ್ತದೆ. ಒಂದನೇ ಗೇರಿನ ಅನುಪಾತ 2.39, ಎರಡನೆಯದು 1.45, ಮೂರನೆಯದು ನೇರ 1. ಮೂಲ ಗೇರ್‌ಬಾಕ್ಸಿನ ನಾಲ್ಕನೇ ಗೇರೂ ನೇರವೇ ಆದ್ದರಿಂದ ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ತಿರುಗುತ್ತದೆ, ಹಿಂಚಕ್ರಗಳ ನಡುವಿನ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್ ಮುಟ್ಟಬೇಕಾಗಿಲ್ಲ.

ಜಪಾನಿನ ಜಾಟ್ಕೊ 3ಎನ್71ಬಿ, ಟೊಯೋಟಾದ ಎ40 ಕೂಡ ಇದೇ ಬಗೆಯ ಹೈಡ್ರಾಲಿಕ್ ಗೇರ್‌ಬಾಕ್ಸುಗಳು. ಅವೂ ಗಟ್ಟಿ. ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚವಾದ ಬೆಲ್ ಹೌಸಿಂಗ್‌ನ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಈಚಿನ ಎಲೆಕ್ಟ್ರಾನಿಕ್ ಗೇರ್‌ಬಾಕ್ಸನ್ನು ಕಾರ್ಬ್ಯುರೇಟರ್ ಎಂಜಿನ್ನಿಗೆ ಸೇರಿಸುವ ಸಾಹಸ ನನ್ನ ಮಟ್ಟಿಗೆ ಬೇಡ.

ಕೊಳ್ಳುವಾಗ ಎಲ್ಲವನ್ನೂ ಒಂದೇ ಕಾರಿನಿಂದ ಇಳಿಸಿದ ಒಂದೇ ಜೊತೆಯಾಗಿ ಕೊಳ್ಳಿ: ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್, ಅದರ ಕವಚವಾದ ಕನ್ವರ್ಟರ್ ಹೌಸಿಂಗ್, ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೆ ಕೂರುವ ತೆಳು ಡ್ರೈವ್ ಪ್ಲೇಟ್, ಎಣ್ಣೆ ಅಳೆಯುವ ಕಡ್ಡಿ ಮತ್ತು ಅದರ ಕೊಳವೆ, ಲಿವರ್, ಕಿಕ್‌ಡೌನ್ ಕೇಬಲ್, ಹಿಂದಿನ ಜೋಡಣೆಯ ತುದಿ. ನಮಗೆ ಮೊದಲು ಮಾರಿದವರು ಕನ್ವರ್ಟರ್ ಮಾತ್ರ ದೊಡ್ಡ ಎಂಜಿನ್ನಿನ ಕಾರಿನದನ್ನು ಕೊಟ್ಟಿದ್ದರು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ಎಂಜಿನ್ನಿನ ಕನ್ವರ್ಟರ್ ಸಣ್ಣ ಎಂಜಿನ್ನನ್ನು ಕೆಳವೇಗದಲ್ಲೇ ಹಿಡಿದು ನಿಲ್ಲಿಸುತ್ತದೆ. ಸುಮಾರು 50 ಅಶ್ವಶಕ್ತಿಯ ಎಂಜಿನ್ನಿಗೆ ನಿಂತಲ್ಲಿಂದ ಹೊರಡುವಾಗ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನವರೆಗೆ ತಿರುಗಲು ಬಿಡುವ ಕನ್ವರ್ಟರ್ ಬೇಕು. 1,300ಕ್ಕೇ ಹಿಡಿದುಬಿಟ್ಟರೆ ಕಾರು ಎತ್ತಿನ ಗಾಡಿಯಂತೆ ಹೊರಡುತ್ತದೆ.

ಹಳೆಯ ಗೇರ್‌ಬಾಕ್ಸನ್ನು ಪರೀಕ್ಷಿಸಲು ಕೆಳಗಿನ ಚೇಂಬರ್ ಬಿಚ್ಚಿಸಿ ಎಣ್ಣೆಯನ್ನು ಮೂಸಿ ನೋಡಿ. ಕೆಂಪು ಬಣ್ಣ, ಎಣ್ಣೆಯದೇ ವಾಸನೆ ಇದ್ದರೆ ಒಳ್ಳೆಯದು. ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ ಎಂದರ್ಥ. ತಳದಲ್ಲಿ ಬೂದಿಯಂಥ ನುಣ್ಣನೆ ಪುಡಿ ಸ್ವಲ್ಪ ಇರುವುದು ಸಹಜ. ಲೋಹದ ಚೂರು ಕಂಡರೆ ಬಿಟ್ಟು ಬನ್ನಿ. ಏನೇ ಇರಲಿ, ಸೀಲು ಮತ್ತು ಪ್ಯಾಕಿಂಗ್ ಎಲ್ಲವನ್ನೂ ಹೊಸದು ಹಾಕಿ. ಐವತ್ತು ವರ್ಷದ ರಬ್ಬರನ್ನು ನಂಬುವ ಹಾಗಿಲ್ಲ.

ಬಿಚ್ಚುವ ಮೊದಲು ಬರೆದುಕೊಳ್ಳಿ

ಹಳೆಯ ಗೇರ್‌ಬಾಕ್ಸ್ ಇನ್ನೂ ಕಾರಿನಲ್ಲೇ ಇರುವಾಗ ಈ ಅಳತೆಗಳನ್ನು ತೆಗೆಯಿರಿ. ಎಂಜಿನ್ ಹಿಂಭಾಗದ ಪ್ಲೇಟಿನಿಂದ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೊದಲ ಕೀಲಾದ ಕ್ರಾಸ್‌ವರೆಗಿನ ಉದ್ದ. ಗೇರ್‌ಬಾಕ್ಸಿನ ಹಿಂತುದಿ ನೆಲದ ತಗಡಿನಿಂದ ಎಷ್ಟು ಕೆಳಗಿದೆ. ಎಂಜಿನ್ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ, ಶಾಫ್ಟ್ ಎಷ್ಟು ವಾಲಿದೆ, ಡಿಫರೆನ್ಷಿಯಲ್ಲಿನ ಮೂತಿ ಎಷ್ಟು ಎತ್ತಿದೆ. ಕೊನೆಯ ಮೂರಕ್ಕೆ ಬಡಗಿಯ ರಸಮಟ್ಟವಾಗಲಿ ಮೊಬೈಲಿನ ಕೋನ ಅಳೆಯುವ ಆ್ಯಪ್ ಆಗಲಿ ಸಾಕು, ಆದರೆ ಕಾರು ನಾಲ್ಕು ಚಕ್ರದ ಮೇಲೆ ಸಮನೆಲದಲ್ಲಿ ನಿಂತಿರಬೇಕು. ಜಾಕಿ ಮೇಲೆ ಎತ್ತಿದ ಕಾರಿನಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗು ಜೋತುಬಿದ್ದು ಕೋನ ಸುಳ್ಳು ಹೇಳುತ್ತದೆ.

ಆಮೇಲೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಫ್ಲೈವೀಲ್ ಇಳಿದ ಮೇಲೆ ಎಂಜಿನ್ನಿನ ಬೆನ್ನು ಕಾಣುತ್ತದೆ. ಈ ಹಳೆಯ ಬಿ ಸರಣಿ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ಇಂದಿನಂಥ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಆದ್ದರಿಂದ ಅಲ್ಲಿ ಒಂದಿಷ್ಟು ಜಿಡ್ಡು ಇದ್ದೇ ಇರುತ್ತದೆ. ಎಂಜಿನ್ನಿನ ಉಸಿರುಕೊಳವೆ ಕಟ್ಟಿಕೊಂಡಿದ್ದರೆ ಅದು ಹೆಚ್ಚುತ್ತದೆ, ಈಗಲೇ ಬಿಡಿಸಿ. ಮುಂದೆ ಕಾರಿನ ಕೆಳಗೆ ಹನಿ ಬಿದ್ದಾಗ ಬಿಳಿ ಬಟ್ಟೆಗೆ ಒರೆಸಿ ನೋಡಿ: ಕಪ್ಪಾಗಿದ್ದರೆ ಎಂಜಿನ್ನಿನದು, ಕೆಂಪಾಗಿದ್ದರೆ ಗೇರ್‌ಬಾಕ್ಸಿನದು.

ಇನ್ನೊಂದು ಅಳತೆಯನ್ನೂ ಈಗಲೇ ತೆಗೆದಿಡಿ. ಕ್ರ್ಯಾಂಕನ್ನು ಸನ್ನೆಯಿಂದ ಹಿಂದಕ್ಕೂ ಮುಂದಕ್ಕೂ ತಳ್ಳಿ ಅದು ಎಷ್ಟು ಸರಿದಾಡುತ್ತದೆ ಎಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನಲ್ಲಿ ಓದಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಇದರ ಉಪಯೋಗ ಮುಂದೆ ಬರುತ್ತದೆ.

ಸೆಂಟರ್

ಬೋರ್ಗ್ ವಾರ್ನರ್ 35ರಲ್ಲಿ ಕನ್ವರ್ಟರ್ ಹೌಸಿಂಗ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಬಿಚ್ಚಿ ಬರುತ್ತದೆ. ಇದು ದೊಡ್ಡ ಅನುಕೂಲ. ಬಿ ಸರಣಿಯ ಕಾರಿನ ಹೌಸಿಂಗ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆದರೂ ತೂತುಗಳು ಹೊಂದಿದವೆಂದು ಸಂತೋಷಪಡಬೇಡಿ. ಬೇರೆ ಹೌಸಿಂಗ್ ಆದರೆ ನಡುವೆ ಹೊಂದಾಣಿಕೆ ಪ್ಲೇಟ್ ಬೇಕು. ದಪ್ಪ ರಟ್ಟನ್ನು ಎಂಜಿನ್ ಬೆನ್ನಿಗೆ ಒತ್ತಿ ತೂತುಗಳ ಗುರುತು ತೆಗೆಯಿರಿ, ಇನ್ನೊಂದು ರಟ್ಟಿನಲ್ಲಿ ಹೌಸಿಂಗ್‌ನ ಗುರುತು ತೆಗೆಯಿರಿ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಯಾವ ತೂತು ಯಾವುದಕ್ಕೆ ತಾಗುತ್ತದೆ ಎಂದು ಕಾಣುತ್ತದೆ. ರಟ್ಟಿನ ಉಪಯೋಗ ಅಲ್ಲಿಗೆ ಮುಗಿಯಿತು. ಪ್ಲೇಟನ್ನು 12ರಿಂದ 16 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂನಲ್ಲಿ, ಎರಡೂ ಮುಖ ಸಮಾಂತರವಾಗಿರುವಂತೆ ಯಂತ್ರದಲ್ಲೇ ತೆಗೆಸಬೇಕು.

ಇಂಥ ಕೆಲಸಕ್ಕೆ ನಮ್ಮ ಸೀಮೆ ಪುಣ್ಯವಂತ ಸೀಮೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕೊಟ್ಟಿತು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದರೂ ಆ ಲೇತುಗಳು ದಾವಣಗೆರೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಅಲ್ಲಿ ಕೈ ಪಳಗಿದ ಹಿರಿಯ ಟರ್ನರುಗಳೂ ಇದ್ದಾರೆ. ಅಂಥ ಒಬ್ಬರು ನಮ್ಮ ಕೆಲಸಕ್ಕೆ ಬಂದರು. ಎಪ್ಪತ್ತು ದಾಟಿದವರು, ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ. ನಾನು ಹೌಸಿಂಗನ್ನು ಕೂರಿಸಿ, ಎಲ್ಲ ಬೋಲ್ಟು ಬಿಗಿದು, "ಮೇಸ್ತ್ರಿ, ಸರಿಯಾಗಿ ಕೂತಿತು" ಎಂದೆ. ಅವರು ಕನ್ನಡಕ ಒರೆಸಿಕೊಂಡು, "ತಮ್ಮಾ, ಬೋಲ್ಟು ಬಿಗಿಯಾಗಿದೆ. ಸೆಂಟರ್ ಬಂದಿದೆಯೋ ಇಲ್ಲವೋ ಗೇಜು ಹೇಳಬೇಕು, ನೀನಲ್ಲ" ಎಂದರು.

ಅವರು ಡಯಲ್ ಗೇಜಿನ ಕಾಲನ್ನು ಕ್ರ್ಯಾಂಕಿನ ತುದಿಗೆ ಬೋಲ್ಟಿನಿಂದ ಬಿಗಿದರು. ಗೇಜಿನ ಮುಳ್ಳುತುದಿಯನ್ನು ಹೌಸಿಂಗ್‌ನ ಹಿಂದಿನ ದುಂಡು ಬಾಯಿಯ ಒಳಅಂಚಿಗೆ, ಅಂದರೆ ಗೇರ್‌ಬಾಕ್ಸ್ ಬಂದು ಕೂರುವ ಜಾಗಕ್ಕೆ ತಾಗಿಸಿದರು. ಸುಲಭವಾಗಿ ತಿರುಗಲೆಂದು ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿದ್ದೆವು. ನಾನು ಮುಂದೆ ನಿಂತು ಹ್ಯಾಂಡಲ್ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿದೆ. ಮೇಲೆ ಸೊನ್ನೆ. ಕೆಳಗೆ ಬಂದಾಗ 0.62. ಮತ್ತೆ ಮೇಲೆ ಬಂದಾಗ ಸೊನ್ನೆ. ಅಂದರೆ ಕ್ರ್ಯಾಂಕಿನ ನಡುವಿಗೂ ಹೌಸಿಂಗ್‌ನ ನಡುವಿಗೂ 0.31 ಮಿಲಿಮೀಟರ್ ದೂರ. ಗೇಜು ತೋರಿಸುವುದು ಯಾವಾಗಲೂ ಅದರ ಇಮ್ಮಡಿ. ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ವ್ಯತ್ಯಾಸ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಆದರೆ ನಿಮಿಷಕ್ಕೆ ಮೂರು ಸಾವಿರ ಸಲ ಅಷ್ಟು ದೂರ ಕನ್ವರ್ಟರಿನ ಕತ್ತು ಪಂಪಿನ ಬುಷ್ಷನ್ನು ತಿಕ್ಕುತ್ತದೆ. ಮೊದಲು ಮುಂದಿನ ಸೀಲ್ ಹೋಗುತ್ತದೆ, ಆಮೇಲೆ ಬುಷ್, ಕೊನೆಗೆ ಪಂಪ್.

ಗೇಜಿನ ಒಟ್ಟು ಓಟ 0.25 ಮಿಲಿಮೀಟರಿನ ಒಳಗಿರಬೇಕು. ಮೇಸ್ತ್ರಿ ಹೌಸಿಂಗ್ ಜಾಗ ತಪ್ಪದಂತೆ ಹಿಡಿದಿಡುವ ಹಳೆಯ ಡೋವೆಲ್ ಪಿನ್ನುಗಳನ್ನು ತೆಗೆದು, ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಮರದ ಕೊಡತಿಯಿಂದ ಹೌಸಿಂಗ್‌ನ ಅಂಚಿಗೆ ತಟ್ಟುತ್ತ ಹೋದರು. ತಟ್ಟುವುದು, ತಿರುಗಿಸುವುದು, ಓದುವುದು. ಒಂದು ತಟ್ಟಿಗೆ ಮುಳ್ಳು ಸರಿಯುತ್ತದೆ, ಇನ್ನೊಂದಕ್ಕೆ ಹೆಚ್ಚು ಸರಿದುಬಿಡುತ್ತದೆ. ಹೊರಗೆ ಕತ್ತಲಾಗುವ ಹೊತ್ತಿಗೆ ಸುತ್ತ ಎಲ್ಲೂ 0.12 ದಾಟಲಿಲ್ಲ. ಬೋಲ್ಟು ಪೂರ್ತಿ ಬಿಗಿದು ಮತ್ತೊಮ್ಮೆ ಓದಿ, ಅದೇ ಸ್ಥಿತಿಯಲ್ಲಿ ಹೊಸ ಡೋವೆಲ್ ತೂತುಗಳನ್ನು ಕೊರೆದು ರೀಮರ್ ಹಾಕಿ ಪಿನ್ನು ಹೊಡೆದರು. ಇನ್ನು ಎಷ್ಟು ಸಲ ಬಿಚ್ಚಿ ಹಾಕಿದರೂ ಅದು ಅಲ್ಲಿಗೇ ಬಂದು ಕೂರುತ್ತದೆ. ಇದೇ ಗೇಜನ್ನು ಹೌಸಿಂಗ್‌ನ ಹಿಂಮುಖಕ್ಕೂ ತಾಗಿಸಿ ಓದಬೇಕು, ಮುಖ ವಾಲಿದ್ದರೂ ಅಷ್ಟೇ ಹಾನಿ. ಅಲ್ಲೂ 0.25 ದಾಟಬಾರದು, ದಾಟಿದರೆ ನಡುವೆ ತೆಳು ಶಿಮ್ ಇಡಬೇಕು.

ಡಯಲ್ ಗೇಜು ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ಅನುಭವವೇ ಸಾಕು ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ.

ಕನ್ವರ್ಟರ್ ಕೂರಿಸುವುದು

ಕನ್ವರ್ಟರಿನ ಮುಂದಿನ ಗುಬುಟು ಕ್ರ್ಯಾಂಕಿನ ನಡುತೂತಿನಲ್ಲಿ ಕೂರುತ್ತದೆ. ತೂತು ದೊಡ್ಡದಾಗಿದ್ದರೆ ಲೇತಿನಲ್ಲಿ ಉಂಗುರ ತೆಗೆಸಿ. ಕೈಯಲ್ಲಿ ಒತ್ತಿದರೆ ಜಾರಿ ಕೂರಬೇಕು, ಅಲ್ಲಾಡಬಾರದು. ಡ್ರೈವ್ ಪ್ಲೇಟನ್ನು ಕ್ರ್ಯಾಂಕಿಗೆ ಬಿಗಿದು, ಅದರ ರಿಂಗ್ ಗೇರಿಗೆ ಸೆಲ್ಫ್ ಮೋಟಾರಿನ ಹಲ್ಲು ಸರಿಯಾದ ಆಳಕ್ಕೆ ಕಚ್ಚುತ್ತದೆಯೇ ಎಂದು ಈಗಲೇ ನೋಡಿ. ಗೇರ್‌ಬಾಕ್ಸ್ ಕೂತ ಮೇಲೆ ಇದನ್ನು ಸರಿಪಡಿಸುವುದೆಂದರೆ ಎಲ್ಲವನ್ನೂ ಇಳಿಸಿದಂತೆಯೇ.

ಕನ್ವರ್ಟರಿಗೆ ಸುಮಾರು ಒಂದು ಲೀಟರ್ ಎಣ್ಣೆ ಹಾಕಿ ಗೇರ್‌ಬಾಕ್ಸಿನ ಮೂತಿಗೆ ತೂರಿಸಿ. ಒಳಗೆ ಮೂರು ಕಡೆ ಅದು ಕಚ್ಚಬೇಕು: ಒಳಶಾಫ್ಟ್, ಸ್ಟೇಟರ್, ಪಂಪಿನ ಕಚ್ಚು. ತಿರುಗಿಸುತ್ತ ಒತ್ತಿದರೆ ಒಂದೊಂದಾಗಿ ಟಕ್ ಎಂದು ಒಳಸರಿಯುತ್ತದೆ. ಎರಡು ಸಲ ಸರಿದ ಕೂಡಲೇ ಆಯಿತು ಎಂದುಕೊಂಡು ಬೋಲ್ಟು ಹಾಕಿ ಎಳೆದರೆ ಪಂಪಿನ ಕಚ್ಚು ಮುರಿಯುತ್ತದೆ. ಅಲ್ಲಿಗೆ ಗೇರ್‌ಬಾಕ್ಸ್ ಮುಗಿಯಿತು.

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸಿದ ಮೇಲೆ ಹೌಸಿಂಗ್‌ನ ಅಂಚು ಕೈಬಲದಲ್ಲೇ ಎಂಜಿನ್ನಿಗೆ ಮುಟ್ಟಬೇಕು. ಬೋಲ್ಟಿನಿಂದ ಎಳೆದು ಮುಟ್ಟಿಸಬೇಕಾಗಿ ಬಂದರೆ ನಿಲ್ಲಿಸಿ, ಹಿಂದಕ್ಕೆ ತೆಗೆಯಿರಿ. ಮುಟ್ಟಿದ ಮೇಲೆ ಕನ್ವರ್ಟರ್ ಕೈಯಲ್ಲಿ ತಿರುಗುತ್ತಿರಬೇಕು, ಡ್ರೈವ್ ಪ್ಲೇಟಿಗೂ ಅದಕ್ಕೂ 3ರಿಂದ 5 ಮಿಲಿಮೀಟರ್ ಅಂತರ ಉಳಿದಿರಬೇಕು. ಆ ಅಂತರದಷ್ಟು ಕನ್ವರ್ಟರನ್ನು ಮುಂದಕ್ಕೆಳೆದು ಪ್ಲೇಟಿಗೆ ಬಿಗಿಯುತ್ತೀರಿ. ಅಂತರವೇ ಇಲ್ಲದಿದ್ದರೆ ಕನ್ವರ್ಟರ್ ಕ್ರ್ಯಾಂಕನ್ನು ಮುಂದಕ್ಕೆ ಒತ್ತಿಕೊಂಡೇ ಇರುತ್ತದೆ, ನಡುಬೇರಿಂಗಿನ ಪಕ್ಕದ ಥ್ರಸ್ಟ್ ವಾಷರುಗಳು ಸವೆದುಹೋಗುತ್ತವೆ. ಗೋಡೆಯ ಮೇಲೆ ಬರೆದ ಅಳತೆ ಈಗ ಕೆಲಸಕ್ಕೆ ಬರುತ್ತದೆ. ಕ್ರ್ಯಾಂಕಿನ ಸರಿದಾಟವನ್ನು ಮತ್ತೆ ಓದಿ. ಮೊದಲಿದ್ದಷ್ಟೇ ಇರಬೇಕು.

ಶಾಫ್ಟ್ ಮತ್ತು ಆಧಾರ

ಹಿಂದಿನ ಆಧಾರಕ್ಕೆ ಹೊಸ ಕ್ರಾಸ್‌ಮೆಂಬರ್ ಮಾಡಿಸಿ, ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳಿಗೇ ಬೋಲ್ಟು ಹಾಕಿಸಿ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ. ಹಳೆಯದನ್ನು ಕತ್ತರಿಸದೆ ಗುಜರಿಯಿಂದ ಇನ್ನೊಂದನ್ನು ತಂದು ಅದನ್ನು ಮೊಟಕುಗೊಳಿಸಿ. ಶಾಫ್ಟ್ ಕೆಲಸದವರಿಗೆ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಬರವಿಲ್ಲ, ಹೆದ್ದಾರಿಯ ಲಾರಿಗಳೇ ಅವರನ್ನು ಸಾಕಿವೆ. ಆದರೆ ಕಾರಿನ ಶಾಫ್ಟ್ ಲಾರಿಯದಕ್ಕಿಂತ ವೇಗವಾಗಿ ತಿರುಗುವುದರಿಂದ ಬ್ಯಾಲೆನ್ಸಿಂಗ್ ಯಂತ್ರ ಇರುವ ಕಡೆಯೇ ಮಾಡಿಸಿ. ಜಾರುವ ತುದಿಯಲ್ಲಿ 20 ಮಿಲಿಮೀಟರಿನಷ್ಟು ಆಟ ಉಳಿಯಲಿ. ಮೊದಲು ಬರೆದುಕೊಂಡ ಕೋನಗಳು ಈಗ ಬೇಕು: ಗೇರ್‌ಬಾಕ್ಸಿನ ವಾಲಿಕೆ ಮತ್ತು ಡಿಫರೆನ್ಷಿಯಲ್ ಮೂತಿಯ ವಾಲಿಕೆ ಒಂದಕ್ಕೊಂದು ಸಮಾಂತರವಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿ ದಾಟಬಾರದು. ದಾಟಿದರೆ 60 ಕಿಲೋಮೀಟರ್ ವೇಗದಲ್ಲಿ ಸೀಟಿನ ಕೆಳಗೆ ಗುಂಯ್‌ಗುಟ್ಟುವ ನಡುಕ ಹುಟ್ಟುತ್ತದೆ.

ಎಣ್ಣೆ ತಂಪಾಗಿರಲಿ

ಇಂಗ್ಲೆಂಡಿನ ಚಳಿಯಲ್ಲಿ ನಡೆದದ್ದು ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ರೇಡಿಯೇಟರಿನ ಮುಂದೆ, ಗಾಳಿ ನೇರ ಬೀಳುವ ಕಡೆ, ಬೇರೆಯೇ ಒಂದು ಎಣ್ಣೆ ಕೂಲರ್ ಹಾಕಿಸಿ. ಕೊಳವೆ ಉಕ್ಕಿನದಾಗಿರಲಿ, ರಬ್ಬರ್ ಬೇಕಾದ ಕಡೆ ಬಿಸಿ ಎಣ್ಣೆಗೆಂದೇ ಮಾಡಿದ ಹೋಸ್ ಹಾಕಿ. ರೇಡಿಯೇಟರ್ ನೀರಿನ ಹೋಸ್ ಇಲ್ಲಿ ಆರು ತಿಂಗಳು ಬಾಳುವುದಿಲ್ಲ. ಕೂಲರಿನಿಂದ ಹಿಂದಿರುಗುವ ಕೊಳವೆಯಲ್ಲಿ ಉಷ್ಣಮಾಪಕ ಕೂರಿಸಿದರೆ ಉತ್ತಮ. ಎಣ್ಣೆ 80ರಿಂದ 95 ಡಿಗ್ರಿಯ ನಡುವೆ ಇದ್ದರೆ ನೆಮ್ಮದಿ. 120ರ ಮೇಲೆ ಹೋಗುತ್ತಿದ್ದರೆ ಎಣ್ಣೆ ಬೇಗ ಕೆಡುತ್ತದೆ, ಸೀಲು ಗಟ್ಟಿಯಾಗುತ್ತದೆ.

ಲಿವರ್, ಕೇಬಲ್, ಸ್ವಿಚ್, ಪೆಡಲ್

ಅಂಬಾಸಿಡರ್‌ನ ಮುಂದಿನ ಸೀಟು ಒಂದೇ ಉದ್ದನೆಯದು. ನಡುವೆ ನೆಲದಲ್ಲಿ ಲಿವರ್ ನಿಲ್ಲಿಸಿದರೆ ಆ ಸೀಟಿನ ಸುಖ ಹೋಗುತ್ತದೆ. ಹ್ಯಾಂಡ್ ಗೇರಿನ ಲಿವರನ್ನೇ ಸಲಾಕೆಯಿಂದ ಗೇರ್‌ಬಾಕ್ಸಿಗೆ ಜೋಡಿಸಿ. ಹೊಂದಿಸುವಾಗ ಗೇರ್‌ಬಾಕ್ಸಿನ ಪಕ್ಕದ ತೋಳು ತನ್ನ ಕಚ್ಚಿಗೆ ಟಕ್ ಎಂದು ಬಿದ್ದ ಜಾಗವೇ ಪ್ರಮಾಣ, ಸಲಾಕೆಯ ಉದ್ದವನ್ನು ಅದಕ್ಕೆ ತಕ್ಕಂತೆ ತಿರುಗಿಸಿ ಲಿವರಿನ ಗುರುತನ್ನು ಅಲ್ಲಿಗೆ ತನ್ನಿ. ತೋಳು ಎರಡು ಕಚ್ಚುಗಳ ನಡುವೆ ನಿಂತರೆ ಅರ್ಧ ಒತ್ತಡದಲ್ಲಿ ಕ್ಲಚ್ ಸುಡುತ್ತದೆ.

ಕಿಕ್‌ಡೌನ್ ಕೇಬಲನ್ನು ಜನ ಗೇರ್ ಇಳಿಸಲು ಮಾತ್ರ ಎಂದುಕೊಳ್ಳುತ್ತಾರೆ. ಗೇರ್‌ಬಾಕ್ಸಿನ ಒಳಗಿನ ಎಣ್ಣೆಯ ಒತ್ತಡವನ್ನು ಎಂಜಿನ್ನಿನ ಭಾರಕ್ಕೆ ತಕ್ಕಂತೆ ಏರಿಸುವುದೂ ಅದೇ. ಕಾರ್ಬ್ಯುರೇಟರಿಗೆ ಇದನ್ನು ಜೋಡಿಸದೆ ಒಂದು ದಿನವೂ ಓಡಿಸಬೇಡಿ. ಆ್ಯಕ್ಸಿಲರೇಟರ್ ಪೂರ್ತಿ ತುಳಿದಾಗ ಕೇಬಲ್ ಪೂರ್ತಿ ಎಳೆದುಕೊಳ್ಳಬೇಕು, ಬಿಟ್ಟಾಗ ಕೂದಲೆಳೆಯಷ್ಟು ಸಡಿಲ ಇರಬೇಕು.

ಪಿ (ಪಾರ್ಕಿಂಗ್) ಮತ್ತು ಎನ್ (ನ್ಯೂಟ್ರಲ್) ಸ್ಥಾನಗಳಲ್ಲಿ ಮಾತ್ರ ಸೆಲ್ಫ್ ಹೊಡೆಯುವಂತೆ ತಡೆ ಸ್ವಿಚ್ಚನ್ನು ವೈರಿಂಗಿಗೆ ಸೇರಿಸಿ. ಇದನ್ನು ಬಿಟ್ಟರೂ ಕಾರು ಓಡುತ್ತದೆ, ಆದರೆ ಒಂದು ದಿನ ಡಿ (ಡ್ರೈವ್) ಸ್ಥಾನದಲ್ಲಿದ್ದಾಗ ಯಾರೋ ಕೀಲಿ ತಿರುಗಿಸುತ್ತಾರೆ, ಮುಂದೆ ಮಗು ನಿಂತಿರುತ್ತದೆ. ಇದರಲ್ಲಿ ರಾಜಿ ಬೇಡ.

ಬ್ರೇಕ್ ಕೂಡ ಹಾಗೆಯೇ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಹಿಡಿತ ಕಡಿಮೆ, ಬ್ರೇಕಿನ ಮೇಲೆ ಹೊರೆ ಹೆಚ್ಚು. ಹಳೆಯ ಅಂಬಾಸಿಡರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಗೇರ್‌ಬಾಕ್ಸಿಗೆ ಹಣ ಹಾಕುವ ಮೊದಲು ಲೈನಿಂಗ್, ಸಿಲಿಂಡರ್, ಹೋಸ್ ಹೊಸದು ಮಾಡಿಸಿ. ಕ್ಲಚ್ ಪೆಡಲ್ ಬಿಚ್ಚಿಟ್ಟು ಬ್ರೇಕ್ ಪೆಡಲಿನ ಮೇಲೆ ಅಗಲ ಪ್ಯಾಡ್ ಕೂರಿಸಿ. ಅಪ್ಪನವರಿಗೆ ಮೊದಲ ವಾರ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಳ್ಳಲು ಹೇಳಿದ್ದೆ. ನಲವತ್ತು ವರ್ಷದ ರೂಢಿಯಲ್ಲಿ ಆ ಕಾಲು ಕ್ಲಚ್ ಹುಡುಕಿ ಬ್ರೇಕಿನ ಮೇಲೆ ಬೀಳುತ್ತಿತ್ತು.

ಎಣ್ಣೆ ತುಂಬಿ ಚಾಲೂ ಮಾಡುವುದು

ಆ ಕಾಲದ ಬೋರ್ಗ್ ವಾರ್ನರ್ 35ಗೆ ಸಾಮಾನ್ಯವಾಗಿ ಬೇಕಾಗುವುದು ಟೈಪ್ ಎಫ್ ಎಂಬ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೆಕ್ಸ್‌ರಾನ್ ಎಣ್ಣೆಯ ಜಾರುಗುಣ ಬೇರೆ, ಎರಡನ್ನೂ ಬೆರೆಸಬೇಡಿ. ಕನ್ವರ್ಟರ್ ಸೇರಿ ಆರು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ.

ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಮುಂದಿನವಕ್ಕೆ ಕಲ್ಲು ಕೊಡಿ. ಮೊದಲು ಮೂರು ಲೀಟರ್ ಹಾಕಿ, ಎಂಜಿನ್ ಚಾಲೂ ಮಾಡಿ, ಕೂಡಲೇ ಉಳಿದದ್ದನ್ನು ಕಡ್ಡಿ ನೋಡುತ್ತ ಸುರಿಯಿರಿ. ಬ್ರೇಕ್ ಒತ್ತಿ ಪ್ರತಿ ಸ್ಥಾನದಲ್ಲೂ ಐದೈದು ಸೆಕೆಂಡು ನಿಲ್ಲಿಸಿ ಪಿಗೆ ತನ್ನಿ. ಎಣ್ಣೆ ಬಿಸಿಯಾದ ಮೇಲೆ, ಕಾರು ಸಮನೆಲದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಹೆಚ್ಚಾದರೆ ನೊರೆ ಬಂದು ಒತ್ತಡ ಬೀಳುತ್ತದೆ, ಕಡಿಮೆಯಷ್ಟೇ ಹೆಚ್ಚೂ ಕೆಟ್ಟದ್ದು.

ಆಮೇಲೆ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿ. ಕಾರನ್ನು ನೆಲಕ್ಕಿಳಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ, ಡಿಯಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ತುಳಿಯಿರಿ. ಹತ್ತು ಸೆಕೆಂಡು ಮೀರಬಾರದು. ಎಂಜಿನ್ 1,600ರಿಂದ 2,000ದ ನಡುವೆ ನಿಂತರೆ ಸರಿ. ಬಹಳ ಕೆಳಗೆ ನಿಂತರೆ ಎಂಜಿನ್ ಸೊರಗಿದೆ ಅಥವಾ ಕನ್ವರ್ಟರಿನೊಳಗಿನ ಒಮ್ಮುಖ ಕ್ಲಚ್ ಹೋಗಿದೆ. ಮೇಲೇರುತ್ತಲೇ ಹೋದರೆ ತಕ್ಷಣ ಕಾಲು ತೆಗೆಯಿರಿ, ಒಳಗೆ ಕ್ಲಚ್ ಜಾರುತ್ತಿದೆ.

ರಸ್ತೆಗೆ

ಮೊದಲ ಓಟಕ್ಕೆ ನಾವು ಬೆಳಗಿನ ಆರಕ್ಕೆ ಕುಂದವಾಡ ಕೆರೆಯವರೆಗೆ ಹೋಗಿಬಂದೆವು. ಮನೆಗೆ ಬಂದು ಕೆಳಗೆ ಹೊಸ ರಟ್ಟು ಹಾಸಿ ಹನಿ ಹುಡುಕಿದೆವು. ಎರಡನೆಯ ವಾರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಹೋದೆವು. ಸಮರಸ್ತೆಯಲ್ಲಿ ಎಣ್ಣೆ 84 ಡಿಗ್ರಿ ದಾಟಲಿಲ್ಲ. ಜೋಗಿಮಟ್ಟಿಯ ಕಡೆಗೆ ಏರುವಾಗ 101 ಮುಟ್ಟಿತು; ಲಿವರನ್ನು ಕೆಳಗಿನ ಗೇರಿನ ಸ್ಥಾನವಾದ ಎಲ್‌ಗೆ ತಂದು ಮೆಲ್ಲಗೆ ಹತ್ತಿಸಿದ ಮೇಲೆ ಅಲ್ಲೇ ನಿಂತಿತು. ಏರಿನಲ್ಲಿ ಕನ್ವರ್ಟರ್ ಜಾರುತ್ತಿದ್ದರೆ ಬಿಸಿ ಹೆಚ್ಚುತ್ತದೆ, ಕೆಳಗಿನ ಗೇರಿನಲ್ಲಿ ಜಾರುವುದು ಕಡಿಮೆ. ಇಳಿಯುವಾಗಲೂ ಎಲ್ ಇರಲಿ, ಡ್ರಮ್ ಬ್ರೇಕನ್ನು ಸುಡಬೇಡಿ.

ಗೇರ್ ಬದಲಾಗುವಾಗ ಧಡ್ ಎಂದರೆ ಮೊದಲು ಎಂಜಿನ್ನಿನ ಐಡಲ್ ವೇಗ ಇಳಿಸಿ, ಆಮೇಲೆ ಕೇಬಲ್ ನೋಡಿ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಕೂಗಿ ಸುಮ್ಮನಾದರೆ ಕೇಬಲ್ ಸಡಿಲ ಅಥವಾ ಮುಂದಿನ ಬ್ಯಾಂಡ್ (ಗೇರ್‌ಬಾಕ್ಸಿನ ಒಳಗಿನ ಡ್ರಮ್ಮನ್ನು ಹಿಡಿಯುವ ಪಟ್ಟಿ) ಸಡಿಲ. ರಿವರ್ಸ್ ತಡವಾಗಿ ಹಿಡಿದರೆ ಹಿಂದಿನ ಬ್ಯಾಂಡ್. ಅದರ ಸ್ಕ್ರೂ ಗೇರ್‌ಬಾಕ್ಸಿನ ಹೊರಗೇ ಇದೆ. 1.4 ಕೆ.ಜಿ. ಮೀಟರಿನಷ್ಟು ಬಿಗಿದು, ಒಂದು ಸುತ್ತು ಸಡಿಲಿಸಿ, ನಟ್ಟು ಬಿಗಿಯಿರಿ.

ಕಾರು ಎಲ್ಲಾದರೂ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಮುಂದಿನ ಪಂಪ್ ಓಡುವುದಿಲ್ಲ, ಒಳಗೆ ಎಣ್ಣೆಯಿಲ್ಲದೆ ಗೇರುಗಳು ತಿರುಗುತ್ತವೆ. ಹಿಂಚಕ್ರ ಎತ್ತಿಸಿ ಅಥವಾ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಒಂದು ಚೀಟಿಯಲ್ಲಿ ಇದನ್ನು ಬರೆದು ಗ್ಲೋವ್ ಬಾಕ್ಸಿನಲ್ಲಿಡಿ, ಸಹಾಯಕ್ಕೆ ಬಂದವರಿಗೆ ಗೊತ್ತಿರುವುದಿಲ್ಲ.

500 ಕಿಲೋಮೀಟರ್ ಆದ ಮೇಲೆ ಚೇಂಬರ್ ಬಿಚ್ಚಿ ಎಣ್ಣೆ ಬದಲಿಸಿ, ಬ್ಯಾಂಡುಗಳನ್ನು ಮತ್ತೆ ಹೊಂದಿಸಿ, ಹೌಸಿಂಗ್ ಬೋಲ್ಟುಗಳನ್ನು ಒಂದು ಸುತ್ತು ನೋಡಿ. ಇಳಿಸಿದ ಹಳೆಯ ಗೇರ್‌ಬಾಕ್ಸನ್ನು ಯಾರು ಕೇಳಿದರೂ ಕೊಡಬೇಡಿ. ಅದರೊಳಗೆ ಎಣ್ಣೆ ತುಂಬಿ, ತೂತುಗಳಿಗೆಲ್ಲ ಬೆಂಡು ಹಾಕಿ, ಕ್ಲಚ್, ಫ್ಲೈವೀಲ್, ಪೆಡಲ್, ಶಾಫ್ಟ್, ಬೋಲ್ಟಿನ ಡಬ್ಬಿಗಳೊಂದಿಗೆ ಹಲಗೆಯ ಮೇಲಿಟ್ಟು ಗೋಣಿಚೀಲ ಹೊದಿಸಿ. ನಮ್ಮದು ಶೆಡ್ಡಿನ ಮೂಲೆಯಲ್ಲಿದೆ. ಆರು ತಿಂಗಳಿಗೊಮ್ಮೆ ಅಪ್ಪನವರೇ ಹೋಗಿ ಅದರ ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಬರುತ್ತಾರೆ.